ಗ್ವಾಮ್ ದ್ವೀಪದ ಊರೊಂದರಲ್ಲಿ ಕ್ಯಾನ್ಸರ್ ತಪಾಸಣೆಯ ದಿನ ನಡೆಸುವ ಬಗೆ

ಪೆಸಿಫಿಕ್ ಸಾಗರದ ಗ್ವಾಮ್ ದ್ವೀಪದಲ್ಲಿ ಕ್ಯಾನ್ಸರ್ ತಪಾಸಣೆಯ ದಿನವೊಂದನ್ನು ಏರ್ಪಡಿಸಲು ಹೊರಟವರು ಚಪ್ಪರ ಹಾಕಿಸುವುದನ್ನೂ ಕರಪತ್ರ ಅಚ್ಚು ಹಾಕಿಸುವುದನ್ನೂ ಆಮೇಲೆ ನೋಡಿಕೊಳ್ಳಬಹುದು. ತಪಾಸಣೆಯಲ್ಲಿ ಯಾರಿಗಾದರೂ ಅನುಮಾನದ ಗುರುತು ಕಂಡರೆ ಅವರು ಮುಂದೆ ಎಲ್ಲಿಗೆ ಹೋಗಬೇಕು, ಯಾರನ್ನು ಕಾಣಬೇಕು, ಖರ್ಚು ಯಾರದು, ಜೊತೆಗೆ ಹೋಗುವವರು ಯಾರು ಎಂಬುದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಮೊದಲ ಕೆಲಸ. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ದಿನಾಂಕವನ್ನು ಗೊತ್ತು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ನಾನು ಬಂದದ್ದು ಒಂದು ತಪ್ಪಿನಿಂದ. ಅಡಿಕೆ ತೋಟದ ಮನೆಯಲ್ಲಿ ಬೆಳೆದ ನಾನು ವರ್ಷಗಳ ಹಿಂದೆ ಮಲೆನಾಡಿನ ಒಂದು ಬಾಯಿ ತಪಾಸಣಾ ಶಿಬಿರದಲ್ಲಿ ಕೆಲಸ ಮಾಡಿದ್ದೆ. ಎಡಗೆನ್ನೆಯ ಒಳಗೆ ಬಿಳಿ ಮಚ್ಚೆಯಿದ್ದ ಹಿರಿಯರೊಬ್ಬರಿಗೆ ‘ದೊಡ್ಡಾಸ್ಪತ್ರೆಗೆ ತೋರಿಸಿಕೊಳ್ಳಿ’ ಎಂದು ಚೀಟಿ ಬರೆದುಕೊಟ್ಟು ಕಳುಹಿಸಿದೆವು. ಅವರ ಫೋನ್ ನಂಬರನ್ನಾಗಲಿ ಮನೆಯ ಗುರುತನ್ನಾಗಲಿ ಯಾರೂ ಬರೆದುಕೊಂಡಿರಲಿಲ್ಲ. ಅವರು ಆಸ್ಪತ್ರೆಗೆ ಹೋದರೋ ಇಲ್ಲವೋ ಎಂಬುದು ನಮಗೆ ಇಂದಿಗೂ ತಿಳಿಯದು. ಬಸ್ಸು ಹತ್ತಿದರೆ ಕೆಲವು ಗಂಟೆಗಳಲ್ಲಿ ಆಸ್ಪತ್ರೆ ಸಿಗುವ ಊರಿನಲ್ಲೇ ಹೀಗಾದರೆ, ವಿಮಾನ ಹತ್ತದೆ ಹಲವು ಚಿಕಿತ್ಸೆಗಳು ಸಿಗದ ದ್ವೀಪದಲ್ಲಿ ಇದರ ಪರಿಣಾಮ ಎಷ್ಟು ದೊಡ್ಡದೆಂದು ಊಹಿಸಿಕೊಳ್ಳಬಹುದು.

ಗ್ವಾಮ್ ಅಮೆರಿಕಕ್ಕೆ ಸೇರಿದ ಪ್ರದೇಶ. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 1,53,836. ತಮುನಿಂಗ್‌ನಲ್ಲಿ ಸರ್ಕಾರಿ ಗ್ವಾಮ್ ಮೆಮೋರಿಯಲ್ ಆಸ್ಪತ್ರೆಯೂ, ದೆದೆದೊದಲ್ಲಿ 2015ರಲ್ಲಿ ಆರಂಭವಾದ ಖಾಸಗಿ ಆಸ್ಪತ್ರೆಯೂ ಇವೆ. ಉತ್ತರದ ದೆದೆದೊ ಮತ್ತು ದಕ್ಷಿಣದ ಇನಾಲಾಹಾನ್‌ನಲ್ಲಿ ಸಾರ್ವಜನಿಕ ಆರೋಗ್ಯ ಇಲಾಖೆಯ ಸಮುದಾಯ ಆರೋಗ್ಯ ಕೇಂದ್ರಗಳಿವೆ. ಆದರೆ ಕ್ಲಿಷ್ಟವಾದ ಶಸ್ತ್ರಚಿಕಿತ್ಸೆಗಳಿಗೂ ವಿಶೇಷ ಚಿಕಿತ್ಸೆಗಳಿಗೂ ರೋಗಿಗಳು ಸುಮಾರು 2,500 ಕಿಲೋಮೀಟರ್ ದೂರದ, ಫಿಲಿಪೀನ್ಸಿನ ಮನಿಲಾಕ್ಕೋ 6,000 ಕಿಲೋಮೀಟರಿಗೂ ಹೆಚ್ಚು ದೂರದ, ಹವಾಯಿಯ ಹೊನೊಲುಲುವಿಗೋ ಹೋಗುವುದು ಅಲ್ಲಿ ರೂಢಿ. ಆದ್ದರಿಂದ ಆ ಮೊದಲ ಕಾಗದದಲ್ಲಿ ದ್ವೀಪದೊಳಗೆ ಆಗುವ ಪರೀಕ್ಷೆಗಳನ್ನೂ ಹೊರಗೆ ಹೋಗಬೇಕಾದವುಗಳನ್ನೂ ಬೇರೆ ಬೇರೆಯಾಗಿ ಬರೆಯಿರಿ. ಆದಾಯ ಕಡಿಮೆಯಿದ್ದು ವಿಮೆಯಿಲ್ಲದ ಮಹಿಳೆಯರಿಗೆ ಸ್ತನ ಮತ್ತು ಗರ್ಭಕಂಠದ ತಪಾಸಣೆಯನ್ನು ಉಚಿತವಾಗಿ ಮಾಡಿಸಿಕೊಡುವ ಸರ್ಕಾರಿ ಕಾರ್ಯಕ್ರಮ ಗ್ವಾಮ್‌ನಲ್ಲಿದೆ. ತಂಬಾಕಿನ ತೆರಿಗೆಯ ಒಂದು ಪಾಲಿನಿಂದ ನಡೆಯುವ ಗ್ವಾಮ್ ಕ್ಯಾನ್ಸರ್ ಟ್ರಸ್ಟ್ ಫಂಡ್ ಎಂಬ ನಿಧಿಯೂ ಇದೆ. ಇವೆರಡರ ನಿಯಮಗಳನ್ನು ಮೊದಲೇ ಕೇಳಿ ತಿಳಿದು, ಅರ್ಜಿಯ ನಮೂನೆಗಳನ್ನು ಕೈಯಲ್ಲಿಟ್ಟುಕೊಂಡೇ ಊರಿಗೆ ಹೋಗಬೇಕು.

ಊರಿನ ಬಾಗಿಲು

ದ್ವೀಪದಲ್ಲಿ 19 ಊರುಗಳಿದ್ದು, ಪ್ರತಿ ಊರಿನವರೂ ತಮ್ಮ ಮೇಯರನ್ನು ತಾವೇ ಆರಿಸಿಕೊಳ್ಳುತ್ತಾರೆ. ಮೇಯರ್ ಕಚೇರಿಯ ಒಪ್ಪಿಗೆಯೊಂದಿಗೆ ಊರಿನ ಸಮುದಾಯ ಭವನವನ್ನು ಪಡೆಯುವುದು ಸುಲಭದ ದಾರಿ. ಆದರೆ ಜನರನ್ನು ಕರೆತರುವ ಶಕ್ತಿ ಕಚೇರಿಗಿಂತ ಹೆಚ್ಚಾಗಿ ಹಿರಿಯ ಹೆಂಗಸರಲ್ಲಿರುತ್ತದೆ. ಮೂಲನಿವಾಸಿಗಳಾದ ಚಮೊರೊ ಜನರು ಬಹುಪಾಲು ಕ್ಯಾಥೊಲಿಕರು. ಮನೆಗಳಲ್ಲಿ ಜಪಮಾಲೆಯ ಪ್ರಾರ್ಥನೆಯನ್ನು ಮುಂದೆ ನಿಂತು ಹೇಳಿಕೊಡುವ ಹೆಂಗಸನ್ನು ಅವರು ತೆಚಾ ಎಂದು ಕರೆಯುತ್ತಾರೆ. ಸಾವಿನ ನಂತರದ ಒಂಬತ್ತು ರಾತ್ರಿಗಳ ಪ್ರಾರ್ಥನೆಗೆ ಬಂದ ನೆಂಟರಿಷ್ಟರನ್ನೆಲ್ಲ ಬಲ್ಲ ಆಕೆ ‘ನಾನೂ ಮಾಡಿಸಿಕೊಂಡೆ, ನೀನೂ ಬಾ’ ಎಂದು ಹೇಳುವ ಒಂದು ಮಾತಿಗೆ ನೂರು ಭಿತ್ತಿಪತ್ರಗಳು ಸಮವಾಗಲಾರವು. ಹಿರಿಯರನ್ನು ಅಲ್ಲಿ ಮನಾಮ್ಕೊ ಎನ್ನುತ್ತಾರೆ. ಕಿರಿಯರು ಅವರ ಕೈಯನ್ನು ಮೂಗಿನ ಬಳಿಗೆ ಒಯ್ದು ಗೌರವ ಸಲ್ಲಿಸುವ ಪದ್ಧತಿಯಿದೆ. ಹಿರಿಯರನ್ನು ಬಿಟ್ಟು ನೇರವಾಗಿ ಕಿರಿಯರೊಡನೆ ಮಾತು ಆರಂಭಿಸಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಅವರ ನುಡಿಯಲ್ಲಿ ಮಮಾಹ್ಲಾವ್ ಎಂಬ ಮಾತೊಂದಿದೆ. ನಮ್ಮ ನಾಚಿಕೆ, ಸಂಕೋಚ, ಮರ್ಯಾದೆ ಮೂರೂ ಅದರಲ್ಲಿ ಸೇರಿವೆ. ಗರ್ಭಕಂಠದ ಪರೀಕ್ಷೆಗೆ ಹೆಂಗಸರು ಬಾರದಿರುವುದಕ್ಕೆ ಅಜ್ಞಾನವೇ ಕಾರಣವೆಂದು ಭಾವಿಸುವುದು ತಪ್ಪು. ಗುರುತಿನವರೆಲ್ಲ ಕುಳಿತಿರುವ ಭವನದಲ್ಲಿ ಒಂದು ಪರದೆಯ ಹಿಂದಕ್ಕೆ ಹೋಗುವುದೇ ಅವರಿಗೆ ಕಷ್ಟ. ಆ ಪರೀಕ್ಷೆಯನ್ನು ಭವನದಲ್ಲಿ ಇಡಲೇಬೇಡಿ. ಅಲ್ಲಿ ಹೆಸರು ಬರೆದುಕೊಂಡು, ಆರೋಗ್ಯ ಕೇಂದ್ರದಲ್ಲಿ ಮಹಿಳಾ ಸಿಬ್ಬಂದಿ ಇರುವ ದಿನಕ್ಕೆ ಸಮಯ ಗೊತ್ತು ಮಾಡಿ, ಹೋಗಿಬರಲು ವಾಹನದ ವ್ಯವಸ್ಥೆ ಮಾಡಿಕೊಡಿ.

ಚೂಕ್, ಯಾಪ್, ಪಲಾವ್ ದ್ವೀಪಗಳಿಂದ ಬಂದು ನೆಲೆಸಿದವರನ್ನೂ ಫಿಲಿಪಿನೊ ಜನರನ್ನೂ ಮರೆಯಬಾರದು. ಅವರ ಮಾತು ಬಲ್ಲ ದುಭಾಷಿ ಆಯಾ ಸಮುದಾಯದ ವಯಸ್ಕರೇ ಆಗಿರಬೇಕು. ಶಾಲೆಗೆ ಹೋಗುವ ಮಗಳಿಂದ ತಾಯಿಯ ಸ್ತನದ ಗಡ್ಡೆಯ ವಿಷಯವನ್ನು ಅನುವಾದ ಮಾಡಿಸುವುದು ಇಬ್ಬರಿಗೂ ಅನ್ಯಾಯ.

ಪುಗುವಾದ ಮಾತು

ಗ್ವಾಮ್‌ನಲ್ಲಿ ಅಡಿಕೆಗೆ ಪುಗುವಾ, ವೀಳ್ಯದೆಲೆಗೆ ಪುಪುಲು, ಸುಣ್ಣಕ್ಕೆ ಆಫೊಕ್ ಎನ್ನುತ್ತಾರೆ. ಹಬ್ಬ, ಮದುವೆ, ಸಾವಿನ ಪ್ರಾರ್ಥನೆ ಎಲ್ಲದರಲ್ಲೂ ಬಂದವರ ಮುಂದೆ ಅದನ್ನು ಇಡುತ್ತಾರೆ. ತಾಂಬೂಲವಿಲ್ಲದೆ ಮಂಗಳಕಾರ್ಯ ನಡೆಯದ ನಾಡಿನಿಂದ ಬಂದ ನಮಗೆ ಈ ಗೌರವ ಅರ್ಥವಾಗುತ್ತದೆ. ಆದ್ದರಿಂದಲೇ ನಾವು ಈ ಮಾತನ್ನು ಹೆಚ್ಚು ಜವಾಬ್ದಾರಿಯಿಂದ ಆಡಬೇಕು.

ದ್ವೀಪದಲ್ಲಿ ಜಗಿಯುವ ಕ್ರಮ ಮುಖ್ಯವಾಗಿ ಎರಡು ಬಗೆಯದು. ಚಮೊರೊ ಜನರಲ್ಲಿ ಹಲವರು ಬಲಿತ ಅಡಿಕೆಯನ್ನು ಹಾಗೆಯೇ ಅಥವಾ ಎಲೆಯೊಂದಿಗೆ ಜಗಿದು ನುಂಗುತ್ತಾರೆ. ಯಾಪ್, ಪಲಾವ್ ಮೊದಲಾದ ಕಡೆಯವರು ಎಳೆಯ ಹಸಿರು ಅಡಿಕೆಯನ್ನು ಸೀಳಿ, ಸುಣ್ಣ ಉದುರಿಸಿ, ಸಿಗರೇಟಿನ ತುಂಡೊಂದನ್ನು ಮುರಿದು ಹಾಕಿ, ಎಲೆಯಲ್ಲಿ ಸುತ್ತಿ ಜಗಿದು ಉಗುಳುತ್ತಾರೆ. ಎರಡನೆಯದರಲ್ಲಿ ತಂಬಾಕು ಸೇರುವುದರಿಂದ ಅಪಾಯ ಹೆಚ್ಚು. ಆದರೆ ಮೊದಲನೆಯದು ನಿರಪಾಯವೆಂದು ಹೇಳಬೇಡಿ. ‘ಹೊಗೆಸೊಪ್ಪು ಹಾಕದ ಕವಳಕ್ಕೆ ದೋಷವಿಲ್ಲ’ ಎಂಬ ಮಾತನ್ನು ನಮ್ಮ ಮನೆಯಲ್ಲೂ ಕೇಳಿಕೊಂಡೇ ಬೆಳೆದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದ ಎಲೆಯಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ತೀರ್ಮಾನಿಸಿ, ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯ ಬೆಲೆಯ ಮೇಲೆ ಬದುಕಿದ ಮನೆಯವಳಾಗಿ ಇದನ್ನು ಬರೆಯುವುದು ನನಗೆ ಸುಲಭವಲ್ಲ, ಆದರೂ ಬರೆಯಲೇಬೇಕು.

ಬಿಡಿಸುವ ಪ್ರಯತ್ನಕ್ಕೂ ದ್ವೀಪದಲ್ಲೇ ದಾರಿ ಹಾಕಿದವರಿದ್ದಾರೆ. ಗ್ವಾಮ್ ವಿಶ್ವವಿದ್ಯಾಲಯ ಮತ್ತು ಹವಾಯಿ ವಿಶ್ವವಿದ್ಯಾಲಯದ ಕ್ಯಾನ್ಸರ್ ಕೇಂದ್ರ ಒಟ್ಟಾಗಿ ಗ್ವಾಮ್ ಮತ್ತು ನೆರೆಯ ಸೈಪಾನ್ ದ್ವೀಪಗಳಲ್ಲಿ ನಡೆಸಿದ ಬೆನಿಟ್ ಎಂಬ ಪ್ರಯೋಗದಲ್ಲಿ, ಧೂಮಪಾನ ಬಿಡಿಸಲು ಬಳಸುವ ಗುಂಪುಕೂಟಗಳ ಕ್ರಮವನ್ನು ಅಡಿಕೆಗೆ ಒಗ್ಗಿಸಲಾಯಿತು. ಬರೀ ತಿಳಿವಳಿಕೆಯ ಪುಸ್ತಿಕೆ ಪಡೆದವರಿಗಿಂತ ಕೂಟಗಳಿಗೆ ಬಂದವರಲ್ಲಿ ಜಗಿಯುವುದನ್ನು ಬಿಟ್ಟವರು ಹೆಚ್ಚು. ನಿಮ್ಮ ತಪಾಸಣೆಯ ದಿನದಲ್ಲೂ ‘ಬಿಡಬೇಕೆಂದಿದ್ದೇನೆ’ ಎನ್ನುವವರ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡು, ಮುಂದಿನ ವಾರವೇ ಐದಾರು ಜನರನ್ನು ಒಟ್ಟಿಗೆ ಕೂರಿಸಿ. ಯಾವ ಹೊತ್ತಿನಲ್ಲಿ ಬಾಯಿ ಬೇಡುತ್ತದೆ, ಯಾರ ಜೊತೆ ಕುಳಿತಾಗ ಕೈ ಚೀಲಕ್ಕೆ ಹೋಗುತ್ತದೆ ಎಂಬುದನ್ನು ಅವರೇ ಹೇಳಲಿ. ಪ್ರಾರ್ಥನೆಯ ರಾತ್ರಿಯಲ್ಲಿ ಪುಗುವಾವನ್ನು ಗೌರವದಿಂದ ಕೈಯಲ್ಲಿ ಸ್ವೀಕರಿಸಿ, ಬಾಯಿಗೆ ಹಾಕದೆ ಜೇಬಿಗಿಟ್ಟುಕೊಳ್ಳುವುದು ಹೇಗೆಂಬುದನ್ನೂ ಕೂಟದಲ್ಲಿ ಮಾತನಾಡಿ ತೀರ್ಮಾನಿಸಬಹುದು.

ಬಾಯಿ ನೋಡುವ ಕ್ರಮ

ಬಾಯಿಯ ತಪಾಸಣೆಗೆ ದೊಡ್ಡ ಯಂತ್ರ ಬೇಡ. ತಲೆಗೆ ಕಟ್ಟುವ ಟಾರ್ಚ್, ಕೈಗವಸು, ಮರದ ಚಪ್ಪಟೆ ಕಡ್ಡಿಗಳು, ಗಾಜ್ ಬಟ್ಟೆ, ಒಂದು ಅಳತೆಪಟ್ಟಿ ಮತ್ತು ತರಬೇತಿ ಪಡೆದ ದಂತವೈದ್ಯರೋ ದಾದಿಯೋ ಇದ್ದರೆ ಸಾಕು. ಮೊದಲು ಎರಡು ಬಾರಿ ನೀರಿನಿಂದ ಬಾಯಿ ಮುಕ್ಕಳಿಸಲು ಹೇಳಿ. ಕೆಂಪು ರಸದ ಕಲೆಯಿದ್ದಾಗ ಕೆಂಪು ಮಚ್ಚೆ ಕಣ್ಣಿಗೆ ಬೀಳುವುದಿಲ್ಲ. ತೆಗೆದು ಹಾಕಿಕೊಳ್ಳುವ ಕಟ್ಟುಹಲ್ಲಿದ್ದರೆ ತೆಗೆದಿಡಲು ಹೇಳಿ. ‘ಸಾಮಾನ್ಯವಾಗಿ ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತೀರಿ?’ ಎಂದು ಕೇಳಿ, ಆ ಕಡೆಯನ್ನು ಎರಡು ಸಲ ನೋಡಿ.

ನಂತರ ತುಟಿಯ ಹೊರಗು ಮತ್ತು ಒಳಗು, ಎರಡೂ ಕೆನ್ನೆಗಳ ಒಳಭಾಗ, ವಸಡು, ಅಂಗುಳ, ನಾಲಿಗೆಯ ಮೇಲ್ಭಾಗ ಇವನ್ನು ಪ್ರತಿ ಸಲವೂ ಇದೇ ಕ್ರಮದಲ್ಲಿ ನೋಡಬೇಕು. ನಾಲಿಗೆಯ ತುದಿಯನ್ನು ಗಾಜ್ ಬಟ್ಟೆಯಿಂದ ಮೃದುವಾಗಿ ಹಿಡಿದು ಬಲಕ್ಕೂ ಎಡಕ್ಕೂ ಎಳೆದು ಅಂಚುಗಳನ್ನು, ಮೇಲಕ್ಕೆತ್ತಿಸಿ ಅಡಿಭಾಗವನ್ನು ಪರೀಕ್ಷಿಸಬೇಕು. ಅವಸರದಲ್ಲಿ ಬಿಟ್ಟುಹೋಗುವುದು ಈ ಎರಡು ಜಾಗಗಳೇ. ಕೊನೆಗೆ ಕತ್ತಿನ ಎರಡೂ ಬದಿ ಗಂಟುಗಳಿಗಾಗಿ ಮುಟ್ಟಿ ನೋಡಿ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂಥ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಗಟ್ಟಿಯಾದ ಗಂಟು, ಕಾರಣವಿಲ್ಲದೆ ಅಲುಗುವ ಹಲ್ಲು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಪರೀಕ್ಷೆ ಅಗತ್ಯ. ತಮ್ಮದೇ ಮೂರು ಬೆರಳುಗಳನ್ನು ನೆಟ್ಟಗೆ ಹಿಡಿದು ಹಲ್ಲುಗಳ ನಡುವೆ ತೂರಿಸಲು ಹೇಳಿ. ಆಗದಿದ್ದರೆ, ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುವ ರೋಗದ ಅನುಮಾನವಿರುತ್ತದೆ. ಖಾರ ತಾಗಿದರೆ ಬಾಯಿ ಉರಿಯುತ್ತದೆ ಎಂಬುದು ಅದರ ಮೊದಲ ದೂರು. ಕಂಡದ್ದನ್ನು ಬಾಯಿಯ ಚಿತ್ರದ ಮೇಲೆ ಗುರುತು ಹಾಕಿ, ಅಳತೆ ಬರೆಯಿರಿ. ‘ಇದು ಕ್ಯಾನ್ಸರ್’ ಎಂಬ ಮಾತು ನಿಮ್ಮ ಬಾಯಿಂದ ಬರಬಾರದು; ಅದನ್ನು ಹೇಳಬೇಕಾದದ್ದು ಅಂಗಾಂಶದ ಪರೀಕ್ಷೆ.

ಉಳಿದ ತಪಾಸಣೆಗಳು

ಅಮೆರಿಕದ ಈಗಿನ ಶಿಫಾರಸಿನಂತೆ 40ರಿಂದ 74 ವರ್ಷದ ಮಹಿಳೆಯರು ಎರಡು ವರ್ಷಕ್ಕೊಮ್ಮೆ ಸ್ತನದ ಎಕ್ಸ್‌ರೇ ಆದ ಮ್ಯಾಮೊಗ್ರಾಂ ಮಾಡಿಸಿಕೊಳ್ಳಬೇಕು. ಗರ್ಭಕಂಠದ ತಪಾಸಣೆ 21ರಿಂದ 65ರವರೆಗೆ. ಗರ್ಭಕಂಠದ ಜೀವಕೋಶಗಳನ್ನು ನೋಡುವ ಪ್ಯಾಪ್ ಪರೀಕ್ಷೆ ಮೂರು ವರ್ಷಕ್ಕೊಮ್ಮೆ, ಅಥವಾ 30 ದಾಟಿದವರಿಗೆ, ಆ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸನ್ನು ಹುಡುಕುವ ಎಚ್‌ಪಿವಿ ಪರೀಕ್ಷೆ ಐದು ವರ್ಷಕ್ಕೊಮ್ಮೆ. ಎಚ್‌ಪಿವಿ ಪರೀಕ್ಷೆಯ ಮಾದರಿಯನ್ನು ಮಹಿಳೆಯೇ ಆರೋಗ್ಯ ಕೇಂದ್ರದಲ್ಲಿ ತೆಗೆದುಕೊಡುವ ವಿಧಾನಕ್ಕೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆತಿದೆ. ಸಂಕೋಚದಿಂದ ಹಿಂಜರಿಯುವವರಿಗೆ ಇದು ದೊಡ್ಡ ಅನುಕೂಲ. ಸ್ಥಳೀಯ ಕೇಂದ್ರದಲ್ಲಿ ಲಭ್ಯವಿದೆಯೇ ಎಂದು ಕೇಳಿಕೊಳ್ಳಿ. ದೊಡ್ಡ ಕರುಳಿನ ತಪಾಸಣೆ 45ನೇ ವಯಸ್ಸಿಗೆ ಆರಂಭವಾಗಬೇಕು. ವರ್ಷಕ್ಕೊಮ್ಮೆ ಮನೆಯಲ್ಲೇ ಮಲದ ಮಾದರಿ ತೆಗೆದುಕೊಡುವ ಎಫ್‌ಐಟಿ ಪರೀಕ್ಷೆ ಊರಿನ ಶಿಬಿರಕ್ಕೆ ಹೊಂದುತ್ತದೆ, ಆದರೆ ಅದರಲ್ಲಿ ರಕ್ತ ಕಂಡವರಿಗೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಮಾಡಿಸುವ ದಿನವನ್ನು ಮೊದಲೇ ಕಾದಿರಿಸದೆ ಡಬ್ಬಿಗಳನ್ನು ಹಂಚಬೇಡಿ.

ತಡೆಗೆ ಎರಡು ಲಸಿಕೆಗಳಿವೆ. 11–12ರ ವಯಸ್ಸಿನ ಹುಡುಗ ಹುಡುಗಿಯರಿಬ್ಬರಿಗೂ ಎಚ್‌ಪಿವಿ ಲಸಿಕೆ, ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ. ಪೆಸಿಫಿಕ್ ದ್ವೀಪಗಳಲ್ಲಿ ಹೆಪಟೈಟಿಸ್ ಬಿ ಹಿಂದಿನಿಂದಲೂ ವ್ಯಾಪಕವಾಗಿದ್ದು, ಯಕೃತ್ತಿನ ಕ್ಯಾನ್ಸರಿಗೆ ಅದು ಪ್ರಮುಖ ಕಾರಣ; ವಲಸೆ ಬಂದ ವಯಸ್ಕರಿಗೆ ಒಮ್ಮೆ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು.

ಪುಸ್ತಕ ಮುಚ್ಚುವವರೆಗೆ

ದಾಖಲೆಗೆ ಗಟ್ಟಿ ರಟ್ಟಿನ ದೊಡ್ಡ ಪುಸ್ತಕವೊಂದನ್ನು ಇಟ್ಟು, ಬೀಗ ಹಾಕುವ ಕಪಾಟಿನಲ್ಲಿರಿಸಿ. 2023ರ ಮೇ ತಿಂಗಳಿನಲ್ಲಿ ಮಾವಾರ್ ಚಂಡಮಾರುತ ಬಂದಾಗ ದ್ವೀಪದ ಬಹುಭಾಗದಲ್ಲಿ ವಿದ್ಯುತ್ ಹೋಗಿ, ಮರಳಿ ಬರಲು ಅನೇಕ ದಿನಗಳು ಬೇಕಾದವು. ಕಂಪ್ಯೂಟರಿನಲ್ಲಿ ಮಾತ್ರ ಹೆಸರಿದ್ದರೆ ಅಂಥ ವಾರದಲ್ಲಿ ಯಾರನ್ನೂ ಹುಡುಕಲಾಗದು. ಪ್ರತಿಯೊಬ್ಬರ ಎರಡು ಫೋನ್ ನಂಬರ್, ಹತ್ತಿರದ ಬಂಧುವಿನ ಒಂದು ನಂಬರ್, ಮಾತನಾಡುವ ಭಾಷೆ ಇವುಗಳ ಜೊತೆಗೆ ನಾಲ್ಕು ಅಂಕಣಗಳಿರಲಿ: ಕಂಡದ್ದೇನು, ಕಳುಹಿಸಿದ್ದು ಎಲ್ಲಿಗೆ, ಹೋದ ದಿನ, ಬಂದ ಫಲಿತಾಂಶ.

ಫಲಿತಾಂಶ ಸರಿಯಿದ್ದರೂ ಫೋನ್ ಮಾಡಿ ಹೇಳಿ. ಸುದ್ದಿ ಬಾರದಿದ್ದರೆ ಕೆಟ್ಟದ್ದೇ ಇರಬೇಕೆಂದು ಹೆದರಿ ಕುಳಿತವರು ಮುಂದಿನ ವರ್ಷ ಬರುವುದಿಲ್ಲ. ಅನುಮಾನದ ಗುರುತು ಕಂಡವರಿಗೆ ಒಂದು ವಾರದೊಳಗೆ ಮೊದಲ ಫೋನ್, ಹೋಗಿಲ್ಲವೆಂದಾದರೆ ತೆಚಾ ಅಥವಾ ಬಂಧುವಿನೊಂದಿಗೆ ಮನೆಗೆ ಭೇಟಿ. ಆದರೆ ಜೊತೆಗೆ ಯಾರನ್ನು ಕರೆತರಬಹುದು ಎಂಬುದಕ್ಕೆ ತಪಾಸಣೆಯ ದಿನವೇ ಆ ವ್ಯಕ್ತಿಯ ಒಪ್ಪಿಗೆ ಪಡೆದಿರಬೇಕು. ಮನಿಲಾಕ್ಕೋ ಹೊನೊಲುಲುವಿಗೋ ಹೋಗಬೇಕಾದವರಿಗೆ ಪಾಸ್‌ಪೋರ್ಟ್, ಟಿಕೆಟ್, ಅಲ್ಲಿ ಉಳಿಯುವ ಮನೆ, ಇಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಎಲ್ಲವೂ ಚಿಕಿತ್ಸೆಯ ಭಾಗವೇ. ಚೆಂಚುಲೆ ಎಂಬ ಹೆಸರಿನಲ್ಲಿ ಕಷ್ಟಸುಖಕ್ಕೆ ಹಣ, ಅಡುಗೆ, ದುಡಿಮೆಯನ್ನು ಪರಸ್ಪರ ಕೊಟ್ಟು ತೀರಿಸಿಕೊಳ್ಳುವ ಪದ್ಧತಿ ಊರಿನಲ್ಲಿ ಇದ್ದೇ ಇದೆ. ಕುಟುಂಬ ಒಪ್ಪಿದರೆ ಮೇಯರ್ ಕಚೇರಿಯ ಮೂಲಕ ಅದನ್ನು ಈ ಪ್ರಯಾಣಕ್ಕೂ ಕೇಳಬಹುದು.

ಮೂರು ತಿಂಗಳಾದ ಮೇಲೆ ಪುಸ್ತಕವನ್ನು ತೆರೆದು ಕೊನೆಯ ಅಂಕಣವನ್ನು ಮೇಲಿನಿಂದ ಕೆಳಗೆ ಓದಿ. ಖಾಲಿ ಉಳಿದ ಸಾಲಿನವರಿಗೆ ಅಂದೇ ಫೋನ್ ಮಾಡಿ. ಆ ಅಂಕಣ ಪೂರ್ತಿ ತುಂಬಿದ ಮೇಲೆ ಮುಂದಿನ ಊರಿನ ಮೇಯರ್ ಕಚೇರಿಗೆ ಹೋಗಿ ದಿನಾಂಕ ಕೇಳಿ.