ಮೋಟರ್‌ಹೋಮ್‌ಗೆ ಸರ್ಜ್ ರಕ್ಷಣೆ: ಎರಡು ಸಲ ಮಾಡಿದ ವೈರಿಂಗ್

ತಂಗುದಾಣವೊಂದರಲ್ಲಿ ರಾತ್ರಿ ದೀಪಗಳು ಇದ್ದಕ್ಕಿದ್ದಂತೆ ಪ್ರಖರವಾಗಿ, ಸ್ವಲ್ಪ ಹೊತ್ತಿನಲ್ಲೇ ಬ್ಯಾಟರಿ ಚಾರ್ಜರ್‌ನಿಂದ ಸುಟ್ಟ ವಾಸನೆ ಬಂದಾಗ, ಎಲ್ಲೋ ಸಿಡಿಲು ಬಡಿದಿರಬೇಕೆಂದು ನಾನು ಭಾವಿಸಿದ್ದೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲವೆಂಬುದು ಆಮೇಲೆ ಹೊಳೆಯಿತು. ಬೆಳಿಗ್ಗೆ ವಾಹನಗಳಿಗೆ ವಿದ್ಯುತ್ ಕೊಡುವ ಸಂಪರ್ಕ ಕಂಬದ ಸಾಕೆಟ್‌ಗೆ ಮಲ್ಟಿಮೀಟರ್ ಹಿಡಿದು ನೋಡಿದರೆ, 230 ವೋಲ್ಟ್ ಇರಬೇಕಾದಲ್ಲಿ 291 ತೋರಿಸುತ್ತಿತ್ತು. ಪಕ್ಕದ ವಾಹನದವರು ಹೀಟರ್ ಹಾಕಿದೊಡನೆ ಅದು ಇನ್ನೂ ಮೇಲಕ್ಕೇರಿತು. ತ್ರೀ ಫೇಸ್ ಪೂರೈಕೆಯ ನ್ಯೂಟ್ರಲ್ (ಮೂರೂ ಫೇಸ್‌ಗಳಿಗೆ ಸಾಮಾನ್ಯವಾದ, ಪ್ರವಾಹ ಮರಳುವ ತಂತಿ) ಎಲ್ಲೋ ಕಡಿದಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲಕ್ಷಣ ಬೇಕಿಲ್ಲ. ಹಾಗಾದಾಗ ಹೊರೆ ಹೆಚ್ಚಿರುವ ಫೇಸ್‌ನ ವೋಲ್ಟೇಜ್ ಕುಸಿದು, ಹೊರೆ ಕಡಿಮೆಯಿರುವ ಫೇಸ್‌ನದು 400ರ ಕಡೆಗೆ ಏರತೊಡಗುತ್ತದೆ.

ಸರ್ಜ್ ರಕ್ಷಕವನ್ನು ಕೊಳ್ಳಲು ಹೊರಟಾಗ ಮೊದಲು ಅರ್ಥ ಮಾಡಿಕೊಳ್ಳಬೇಕಾಗಿದ್ದು ಸರ್ಜ್‌ಗೂ, ಅಂದರೆ ವೋಲ್ಟೇಜ್‌ನ ಕ್ಷಣಿಕ ಜಿಗಿತಕ್ಕೂ, ಹೀಗೆ ಬಹಳ ಹೊತ್ತು ನಿಲ್ಲುವ ಏರಿಕೆಗೂ ಇರುವ ವ್ಯತ್ಯಾಸವನ್ನು. ಸಿಡಿಲಿನಿಂದಲೋ ದೊಡ್ಡ ಯಂತ್ರಗಳ ಸ್ವಿಚಿಂಗ್‌ನಿಂದಲೋ ಬರುವ ಸರ್ಜ್ ಮೈಕ್ರೋಸೆಕೆಂಡುಗಳಲ್ಲಿ ಮುಗಿಯುತ್ತದೆ. ರಕ್ಷಕದೊಳಗಿನ ವೇರಿಸ್ಟರ್ (ವೋಲ್ಟೇಜ್ ಮಿತಿಮೀರಿದಾಗ ಮಾತ್ರ ವಾಹಕವಾಗುವ ಬಿಡಿಭಾಗ) ಅಷ್ಟು ಹೊತ್ತು ಮಾತ್ರ ದಾರಿ ತೆರೆದು ಪ್ರವಾಹವನ್ನು ಬದಿಗೆ ಹರಿಸಬಲ್ಲದು. ಗಂಟೆಗಟ್ಟಲೆ ನಿಲ್ಲುವ 300 ವೋಲ್ಟನ್ನು ಅದು ತಡೆಯಲಾರದು, ಪರಿಸ್ಥಿತಿ ಇನ್ನೂ ಕೆಟ್ಟರೆ ತಾನೇ ಬಿಸಿಯಾಗಿ ಸಾಯುತ್ತದೆ. ಆದ್ದರಿಂದ ಟೈಪ್ 2 (ವಿತರಣಾ ಪೆಟ್ಟಿಗೆಯಲ್ಲಿ ಹಾಕುವ ಬಗೆಯ) ಸರ್ಜ್ ರಕ್ಷಕದ ಜೊತೆಗೆ, 265 ವೋಲ್ಟ್ ದಾಟಿದರೆ ಪೂರೈಕೆಯನ್ನು ಕಡಿದು, ವೋಲ್ಟೇಜ್ ಸರಿಯಾದ ಮೇಲೆ ಮೂರು ನಿಮಿಷ ಕಾದು ಮತ್ತೆ ಜೋಡಿಸುವ ವೋಲ್ಟೇಜ್ ರಿಲೇಯನ್ನೂ ಹಾಕಿದೆ. ಏರ್ ಕಂಡಿಷನರ್‌ನ ಕಂಪ್ರೆಸರ್ ಇರುವವರು ಈ ಕಾಯುವ ಅವಧಿಯನ್ನು ಕಡಿಮೆ ಮಾಡಬಾರದು. ರಿಲೇಯ ಒಳಗಿರುವುದೂ ಎಲೆಕ್ಟ್ರಾನಿಕ್ಸೇ ಆದ್ದರಿಂದ ಸರ್ಜ್ ರಕ್ಷಕ ಮೊದಲು, ರಿಲೇ ಆನಂತರ ಎಂಬ ಕ್ರಮವನ್ನು ಆರಿಸಿಕೊಂಡೆ. ನ್ಯೂಟ್ರಲ್ ಕಡಿದಾಗ ರಕ್ಷಕ ಸ್ವಲ್ಪವಾದರೂ ತಾಳಿಕೊಳ್ಳಲೆಂದು ಅದರ ನಿರಂತರ ವೋಲ್ಟೇಜ್ ಮಿತಿ 275ರ ಬದಲು 320 ಇರುವುದನ್ನು ತೆಗೆದುಕೊಂಡೆ.

ಮೊದಲ ಸಲದ ಜೋಡಣೆ ನೋಡಲು ಬಹಳ ಅಂದವಾಗಿತ್ತು. ತಂತಿಗಳನ್ನು ಪೆಟ್ಟಿಗೆಯ ಅಂಚಿನುದ್ದಕ್ಕೂ ಬಳಸಿ, ಟೈ ಬಿಗಿದು, ಮೂಲೆಯಲ್ಲಿ ಚೌಕಾಕಾರವಾಗಿ ಬಾಗಿಸಿದ್ದೆ. ಆಮೇಲೆ ಅಳೆದರೆ ರಕ್ಷಕಕ್ಕೆ ಬರುವ ಫೇಸ್ ತಂತಿಯೂ ಅದರಿಂದ ಹೊರಡುವ ಅರ್ಥ್ ತಂತಿಯೂ ಸೇರಿ ಸುಮಾರು 90 ಸೆಂಟಿಮೀಟರ್ ಆಗಿತ್ತು. ಈ ಒಟ್ಟು ಉದ್ದ ಅರ್ಧ ಮೀಟರ್ ಮೀರಬಾರದೆಂಬ ನಿಯಮವಿದೆ. ಒಂದು ಮೀಟರ್ ತಂತಿಗೆ ಸುಮಾರು ಒಂದು ಮೈಕ್ರೋಹೆನ್ರಿ ಇಂಡಕ್ಟೆನ್ಸ್ (ಪ್ರವಾಹದ ದಿಢೀರ್ ಬದಲಾವಣೆಗೆ ತಂತಿ ಒಡ್ಡುವ ಅಡ್ಡಿ) ಇರುವುದರಿಂದ, ಪ್ರವಾಹ ಮೈಕ್ರೋಸೆಕೆಂಡಿಗೆ ಒಂದು ಕಿಲೋಆಂಪಿಯರ್ ವೇಗದಲ್ಲಿ ಏರಿದರೆ ಆ ಒಂದು ಮೀಟರ್ ತಂತಿಯ ಮೇಲೇ ಸಾವಿರ ವೋಲ್ಟ್ ಬೀಳುತ್ತದೆ, ಮತ್ತು ಅದು ರಕ್ಷಕ ತಡೆದ ಮೇಲೂ ಉಳಿಯುವ ವೋಲ್ಟೇಜ್‌ಗೆ ಸೇರಿಕೊಂಡು ಉಪಕರಣಗಳಿಗೆ ತಲುಪುತ್ತದೆ. ನನ್ನ ಅಂದವಾದ ಬಾಗುಗಳೆಲ್ಲ ಬೇಡದ ಹೊರೆಯಾಗಿದ್ದವು.

ಎಲ್ಲವನ್ನೂ ಬಿಚ್ಚಿ, ಎರಡನೆಯ ಸಲ ಒಳಬರುವ ಫೇಸ್ ಮತ್ತು ನ್ಯೂಟ್ರಲ್ ತಂತಿಗಳನ್ನು ನೇರವಾಗಿ ರಕ್ಷಕದ ಟರ್ಮಿನಲ್‌ಗೇ ತಂದು, ಅದೇ ಟರ್ಮಿನಲ್‌ನಿಂದ ಮುಂದಿನ ತಂತಿಗಳನ್ನು ರಿಲೇಗೆ ಒಯ್ದೆ. ಹೀಗೆ ಮಾಡಿದರೆ ಆ ಕಡೆ ಕವಲು ತಂತಿಯೇ ಇರುವುದಿಲ್ಲ. 16 ಆಂಪಿಯರ್‌ನ ಸಂಪರ್ಕವಾದ್ದರಿಂದ ಟರ್ಮಿನಲ್‌ಗೆ ಅದು ಭಾರವೂ ಅಲ್ಲ. ಅರ್ಥ್‌ಗೆ 6 ಚದರ ಮಿಲಿಮೀಟರ್‌ನ, ಹಲವು ಎಳೆಗಳ ತಾಮ್ರದ ತಂತಿಯನ್ನು ಹಾಕಿ, ಅರ್ಥ್ ಬಾರನ್ನು (ಅರ್ಥ್ ತಂತಿಗಳೆಲ್ಲ ಸೇರುವ ಲೋಹದ ಪಟ್ಟಿ) ರಕ್ಷಕದ ಕೆಳಗೇ ಕೂರಿಸಿದೆ. ಅಲ್ಲಿಂದ ಚಾಸಿಸ್‌ಗೆ ಹೋಗುವ ಬೋಲ್ಟ್‌ನ ಸುತ್ತ ಬಣ್ಣವನ್ನು ಕೆರೆದು, ಲೋಹ ಮಿನುಗುವಷ್ಟು ಉಜ್ಜಿ, ಬಿಗಿದ ನಂತರ ತುಕ್ಕು ನಿರೋಧಕವನ್ನು ಬಳಿದೆ.

ನನ್ನ ರಕ್ಷಕದಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ವೇರಿಸ್ಟರ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅನಿಲ ತುಂಬಿದ ಸ್ಪಾರ್ಕ್ ಗ್ಯಾಪ್ (ವೋಲ್ಟೇಜ್ ಬಹಳ ಏರಿದಾಗ ಕಿಡಿ ಹಾರಿ ಪ್ರವಾಹಕ್ಕೆ ದಾರಿ ಕೊಡುವ ಅಂತರ) ಇದೆ. ಮನೆಯಲ್ಲಿ ಇದು ಸಮಸ್ಯೆಯಲ್ಲ, ಆದರೆ ತಂಗುದಾಣದ ಸಾಕೆಟ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ ಸ್ಪಾರ್ಕ್ ಗ್ಯಾಪ್ ಫೇಸ್‌ಗೆ ಎದುರಾಗಿ ನಿಲ್ಲುತ್ತದೆ, ಅದು ಆ ಕೆಲಸಕ್ಕಾಗಿ ರೂಪಿಸಿದ ಭಾಗವಲ್ಲ. ಹಾಗಾಗಿ ಕೇಬಲ್ ಚುಚ್ಚುವ ಮೊದಲು ಪೋಲಾರಿಟಿಯನ್ನೂ ಅರ್ಥ್ ಇದೆಯೇ ಎಂಬುದನ್ನೂ ಸಾಕೆಟ್ ಟೆಸ್ಟರ್‌ನಿಂದ ನೋಡದೆ ನಾನು ಈಗ ಎಲ್ಲಿಯೂ ಸಂಪರ್ಕ ಪಡೆಯುವುದಿಲ್ಲ.

ಕೆಲಸ ಮುಗಿದ ಮೇಲೆ ವಿದ್ಯುತ್ ಪರವಾನಗಿಯುಳ್ಳ ತಂತ್ರಜ್ಞರಿಂದ ತಪಾಸಣೆ ಮಾಡಿಸಿದೆ. ಅವರು 500 ವೋಲ್ಟ್‌ನ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಚ್ಚುವ ಮೊದಲು ರಕ್ಷಕದ ಕಾರ್ಟ್ರಿಜ್‌ಗಳನ್ನು ಎಳೆದು ಪಕ್ಕಕ್ಕಿಟ್ಟರು. ಇಲ್ಲದಿದ್ದರೆ ವೇರಿಸ್ಟರ್ ವಾಹಕವಾಗಿ, ಚೆನ್ನಾಗಿರುವ ಇನ್ಸುಲೇಷನ್ ಕೂಡ ಹಾಳಾಗಿರುವಂತೆ ಕಾಣುತ್ತದೆ.

ಮೊದಲ ದೀರ್ಘ ಪ್ರಯಾಣ ಮುಗಿಸಿ ಬಂದು, ಕೇಬಲ್ ಕಿತ್ತು, ಪೆಟ್ಟಿಗೆ ತೆರೆದಾಗ ಕಾರ್ಟ್ರಿಜ್‌ಗಳ ಸ್ಥಿತಿ ತೋರಿಸುವ ಕಿಟಕಿ ಹಸಿರಾಗಿಯೇ ಇತ್ತು, ಅಂದರೆ ಅವು ಸುಸ್ಥಿತಿಯಲ್ಲಿದ್ದವು. ಆದರೆ ನ್ಯೂಟ್ರಲ್ ಟರ್ಮಿನಲ್‌ನ ಸ್ಕ್ರೂ ಕಾಲು ಸುತ್ತು ಸಡಿಲಾಗಿತ್ತು.