ರಸ್ಟ್‌ನಲ್ಲಿ ಲೇಜಿ ಸ್ಟ್ಯಾಟಿಕ್: ಊರ ಹೆಸರುಗಳ ಟೂಲ್ ಬರೆಯುವಾಗ

ಕಾಸರಗೋಡಿನಲ್ಲಿ ಒಂದೇ ಊರಿಗೆ ಕಾಗದದ ಮೇಲೆ ಎರಡು ರೂಪ. ಪಟ್ಟಿ ಮಲಯಾಳದಲ್ಲಿ ಬರುತ್ತದೆ, ನೋಟಿಸು ಕನ್ನಡದಲ್ಲೂ ಹೋಗಬೇಕು. ಬದಿಯಡ್ಕ ಕಡೆ ಗ್ರಂಥಾಲಯ ನೋಡಿಕೊಳ್ಳುವ ಮಾಷ್ಟ್ರೊಬ್ಬರು ಕೇಳಿದ್ದು ಇಷ್ಟೇ: "ಲಿಪಿ ಬದಲಾದ್ರೆ ಸಾಲದು ಮಾರಾಯ್ರೆ, ಓದುವಾಗ ನಮ್ಮ ಊರು ಅಂತ ಗೊತ್ತಾಗ್ಬೇಕು." ಅದಕ್ಕೆ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣ ಟೂಲ್ ಒಂದನ್ನು ಬರೆದೆ. ಅದರಲ್ಲಿ ಲೇಜಿ ಸ್ಟ್ಯಾಟಿಕ್, ಅಂದರೆ ಮೊದಲ ಸಲ ಬೇಕಾದಾಗ ಮಾತ್ರ ತಯಾರಾಗುವ ಗ್ಲೋಬಲ್ ಬೆಲೆ, ಎಲ್ಲಿ ಬೇಕು ಎಲ್ಲಿ ಬೇಡ ಎಂಬುದೇ ಇಲ್ಲಿನ ವಿಷಯ.

ಮೊದಲ ಹಂತ ಸುಲಭ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ 'ಕ'ಗೂ ಮಲಯಾಳದ 'ಕ'ಗೂ ಇರುವ ಅಂತರ ಸರಿಯಾಗಿ 128. ಹೆಚ್ಚಿನ ಅಕ್ಷರಗಳಿಗೆ ಇದೇ ಲೆಕ್ಕ, ಕಳೆದರೆ ಆಯಿತು. ಅದೊಂದು ಕಾನ್‌ಸ್ಟ್ (ಎಂದೂ ಬದಲಾಗದ) ಸಂಖ್ಯೆ, ಲೇಜಿ ಪಾಜಿ ಏನೂ ಬೇಡ.

ತೊಡಕು ಆಮೇಲಿನದು. ಅಕ್ಷರಕ್ಕೆ ಅಕ್ಷರ ಹಾಕಿದರೆ 'ಮಞ್ಚೇಶ್ವರಂ', 'ಕುಮ್ಪಳ' ಅಂತ ಬರುತ್ತದೆ. 'ಞ್ಚ' ಇದ್ದಲ್ಲಿ 'ಂಜ', 'ಮ್ಪ' ಇದ್ದಲ್ಲಿ 'ಂಬ' ಮಾಡಲು, ಕೊನೆಯ ಅನುಸ್ವಾರ ತೆಗೆಯಲು ರೆಜೆಕ್ಸ್, ಅಂದರೆ ಅಕ್ಷರಗಳ ಮಾದರಿ ಹುಡುಕುವ ಸೂತ್ರ, ಬೇಕು. ಮಲಯಾಳದಲ್ಲಿ ಸ್ವರವಿಲ್ಲದ ವ್ಯಂಜನಗಳ ವಿಶೇಷ ರೂಪಗಳಾದ ಚಿಲ್ಲಕ್ಷರಗಳದ್ದು ಬೇರೆ ಕಥೆ. 2008ರಲ್ಲಿ ಯೂನಿಕೋಡ್ 5.1 ಅವಕ್ಕೆ ಸ್ವಂತ ಸ್ಥಾನ ಕೊಟ್ಟಿತು. ಅದಕ್ಕೂ ಮೊದಲು ವ್ಯಂಜನ, ಚಂದ್ರಕ್ಕಲ (ಸ್ವರ ತೆಗೆಯುವ ಗುರುತು), ಕಾಣದ ಜೋಡಕ ಸೇರಿಸಿ ಬರೆಯುತ್ತಿದ್ದರು. ಹಳೇ ಫೈಲುಗಳಲ್ಲಿ ಎರಡೂ ಸಿಗುತ್ತವೆ. ಅದಕ್ಕೊಂದು ಹ್ಯಾಶ್‌ಮ್ಯಾಪ್, ಯಾವುದಕ್ಕೆ ಯಾವುದು ಎಂಬ ಜೋಡಿ ಪಟ್ಟಿ.

ಈ ರೆಜೆಕ್ಸ್‌ಗಳನ್ನು ಎಲ್ಲಿಡುವುದು? ಫಂಕ್ಷನ್ ಒಳಗಿಟ್ಟರೆ ಪ್ರತಿ ಹೆಸರಿಗೂ ರೆಜೆಕ್ಸ್ ಹೊಸದಾಗಿ ತಯಾರಾಗುತ್ತದೆ. ಹುಡುಕುವ ಕೆಲಸಕ್ಕಿಂತ ಅದೇ ಜಾಸ್ತಿ. ಸ್ಟ್ಯಾಟಿಕ್‌ನಲ್ಲಿ, ಅಂದರೆ ಪ್ರೋಗ್ರಾಂ ಪೂರ್ತಿ ಉಳಿಯುವ ಗ್ಲೋಬಲ್ ಬೆಲೆಯಾಗಿ, ನೇರವಾಗಿ ಇಡೋಣ ಅಂದರೆ ಕಂಪೈಲರ್ ಬಿಡುವುದಿಲ್ಲ. ಸ್ಟ್ಯಾಟಿಕ್‌ನ ಬೆಲೆ ಪ್ರೋಗ್ರಾಂ ಕಂಪೈಲ್ ಆಗುವಾಗಲೇ ಗೊತ್ತಿರಬೇಕು, ರೆಜೆಕ್ಸ್ ತಯಾರಾಗುವುದು ಪ್ರೋಗ್ರಾಂ ಓಡುವಾಗ. ಸಿ ಪ್ಲಸ್ ಪ್ಲಸ್‌ನಲ್ಲಿ ಗ್ಲೋಬಲ್‌ಗಳ ಕನ್‌ಸ್ಟ್ರಕ್ಟರ್‌ಗಳು (ಬೆಲೆ ತಯಾರಿಸುವ ಕೋಡ್) ಪ್ರೋಗ್ರಾಂ ಶುರುವಾಗುವ ಮೇನ್ ಫಂಕ್ಷನ್‌ಗಿಂತ ಮೊದಲೇ ಓಡಬಹುದು. ಬೇರೆ ಬೇರೆ ಫೈಲುಗಳಲ್ಲಿದ್ದರೆ ಯಾವುದು ಮೊದಲು ಅಂತ ಹೇಳಲಾಗದ ರಗಳೆಯೂ ಅಲ್ಲಿದೆ. ರಸ್ಟ್ ಆ ಬಾಗಿಲನ್ನೇ ಮುಚ್ಚಿದೆ. ನನಗೆ ಅದು ಒಳ್ಳೆಯದೇ ಅನಿಸುತ್ತದೆ.

ಹಾಗಾಗಿ ರೆಜೆಕ್ಸ್ ಮತ್ತು ಮ್ಯಾಪ್ ಎರಡನ್ನೂ ಲೇಜಿಲಾಕ್‌ನಲ್ಲಿ, ಅಂದರೆ ಮೊದಲ ಸಲ ಕೇಳಿದಾಗ ಬೆಲೆ ತಯಾರಿಸಿ ಇಟ್ಟುಕೊಳ್ಳುವ ಪೆಟ್ಟಿಗೆಯಲ್ಲಿ, ಇಟ್ಟೆ. ಹಿಂದೆ ಇದಕ್ಕೆ ಲೇಜಿ ಸ್ಟ್ಯಾಟಿಕ್ ಮ್ಯಾಕ್ರೋ ಅಥವಾ ಒನ್ಸ್ ಸೆಲ್ ಎಂಬ ಕ್ರೇಟ್ (ಹೊರಗಿನ ಲೈಬ್ರರಿ) ಬೇಕಿತ್ತು. 2024ರ ಜುಲೈಯಲ್ಲಿ ಬಂದ ರಸ್ಟ್ 1.80ರಿಂದ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇದೆ. ಮೊದಲು ಯಾವ ಥ್ರೆಡ್ (ಜೊತೆಜೊತೆಗೆ ಓಡುವ ಕೆಲಸದ ಎಳೆ) ಕೇಳುತ್ತದೋ ಅದು ಬೆಲೆ ತಯಾರಿಸುವ ಕ್ಲೋಷರ್ ಎಂಬ ಸಣ್ಣ ಫಂಕ್ಷನ್ ಓಡಿಸುತ್ತದೆ, ಉಳಿದವು ಕಾಯುತ್ತವೆ. ಮತ್ತೆ ಎಂದೂ ಆ ಕ್ಲೋಷರ್ ಓಡುವುದಿಲ್ಲ. ನೆಂಟರು ಬಂದ ಮೇಲೆ ಅಕ್ಕಿ ನೆನೆಹಾಕಿದ ಹಾಗೆ, ಮೊದಲು ಬಂದವರಿಗೆ ತಡ. ಅದು ಬೇಡವಾದರೆ ಮೇನ್‌ನಲ್ಲೇ ಫೋರ್ಸ್ ಕರೆದು ಮೊದಲೇ ತಯಾರು ಮಾಡಿಬಿಡಬಹುದು. ನಾನು ಕರೆದಿಲ್ಲ. ಸಹಾಯ ಪಠ್ಯ ಮಾತ್ರ ನೋಡುವವನಿಗೆ ರೆಜೆಕ್ಸ್ ಯಾಕೆ, ಅಲ್ವಾ?

ಅಪವಾದಗಳ ಫೈಲ್ ಮಾತ್ರ ಇದಕ್ಕೆ ಒಗ್ಗುವುದಿಲ್ಲ. ನಿಯಮ ಹಾಕಿದರೆ 'ಕುಂಬಳ' ಸಿಗುತ್ತದೆ, ನಾವು ಬರೆಯುವುದು 'ಕುಂಬಳೆ'. ಮಂಜೇಶ್ವರ ನಿಯಮದಲ್ಲೇ ಸರಿಯಾಗುತ್ತದೆ, ಕಲ್ಲಿಕೋಟೆ ಯಾವ ನಿಯಮಕ್ಕೂ ಬಗ್ಗದು. ಇಂಥವನ್ನು ಮಾಷ್ಟ್ರು ಒಂದು ಫೈಲಿನಲ್ಲಿ ಬರೆದಿಡುತ್ತಾರೆ. ಅದರ ಪಾಥ್ ಕಮ್ಯಾಂಡ್ ಲೈನಿನಲ್ಲಿ ಬರುತ್ತದೆ, ಫೈಲ್ ಇಲ್ಲದೆಯೂ ಇರಬಹುದು. ಲೇಜಿಲಾಕ್ ಒಳಗೆ ಅದನ್ನು ಓದಿದರೆ ತಪ್ಪನ್ನು ಹೊರಗೆ ಕೊಡುವ ದಾರಿ ಸರಿಯಾಗಿರುವುದಿಲ್ಲ, ಅನ್‌ರ‍್ಯಾಪ್ ಮಾಡಿ ಪ್ಯಾನಿಕ್ ಆಗುವುದೇ (ಅಲ್ಲೇ ಕೈಬಿಟ್ಟು ನಿಲ್ಲುವುದೇ) ಸಾಮಾನ್ಯ ಗತಿ. ಒಮ್ಮೆ ಹಾಗಾದರೆ ಆ ಲೇಜಿಲಾಕ್ ವಿಷವಾಯಿತು. ಮುಂದೆ ಯಾರು ಮುಟ್ಟಿದರೂ ಪ್ಯಾನಿಕ್. ಮಾಷ್ಟ್ರ ಪರದೆಯಲ್ಲಿ ಬರಬೇಕಾದದ್ದು "ಫೈಲ್ ಸಿಗಲಿಲ್ಲ" ಎಂಬ ಒಂದು ಸಾಲು, ಪ್ಯಾನಿಕ್‌ನ ಗೋಜಲು ಅಲ್ಲ.

ಇಲ್ಲಿ ಒಮ್ಮೆ ಮಾತ್ರ ಬೆಲೆ ಇಡಬಹುದಾದ ಒನ್ಸ್‌ಲಾಕ್ ಸರಿ. ಅದು 1.70ರಲ್ಲೇ, ಅಂದರೆ 2023ರ ಜೂನ್‌ನಲ್ಲಿ ಬಂದಿದೆ. ಬೆಲೆ ಹೇಗೆ ತಯಾರಾಗುತ್ತದೆ ಅಂತ ಘೋಷಿಸುವಾಗ ಹೇಳಬೇಕಾಗಿಲ್ಲ. ಮೇನ್‌ನಲ್ಲಿ ಫೈಲ್ ಓದಿ, ರಿಸಲ್ಟ್ ನೋಡಿ, ಎಲ್ಲ ಸರಿಯಿದ್ದರೆ ಸೆಟ್. ಎರಡನೇ ಸಲ ಸೆಟ್ ಮಾಡಲು ಹೋದರೆ ಎರರ್ ಬರುತ್ತದೆ, ಹಳೆಯದು ಹಾಗೇ ಉಳಿಯುತ್ತದೆ.

ಆದರೆ ಟೆಸ್ಟ್ ಬರೆಯುವಾಗ ಇದೇ ಅಡ್ಡ ಬಂತು. ಟೆಸ್ಟ್‌ಗಳನ್ನು ಓಡಿಸುವ ಕಾರ್ಗೋ ಟೆಸ್ಟ್ ಎಂಬ ಆಜ್ಞೆ ಒಂದು ಕ್ರೇಟಿನ ಯೂನಿಟ್ ಟೆಸ್ಟ್‌ಗಳನ್ನು ಒಂದೇ ಪ್ರೋಸೆಸ್‌ನಲ್ಲಿ ಬೇರೆ ಬೇರೆ ಥ್ರೆಡ್‌ಗಳಲ್ಲಿ ಓಡಿಸುತ್ತದೆ. ಒಂದು ಟೆಸ್ಟ್ ಇಟ್ಟ ಅಪವಾದಗಳು ಇನ್ನೊಂದಕ್ಕೂ ಕಾಣುತ್ತವೆ. ಕೊನೆಗೆ ಆ ಗ್ಲೋಬಲ್ಲನ್ನೇ ತೆಗೆದು, ಅಪವಾದಗಳ ಪಟ್ಟಿಯನ್ನು ಸುಮ್ನೆ ಫಂಕ್ಷನ್‌ಗೆ ರೆಫರೆನ್ಸ್ ಆಗಿ ಕೊಟ್ಟೆ. ಬಳಸುವವರ ಇನ್‌ಪುಟ್‌ನಿಂದ ಬರುವುದೆಲ್ಲ ಹೀಗೆಯೇ ಇರಲಿ ಎಂಬುದು ಈಗ ನನ್ನ ಅಭಿಪ್ರಾಯ. ಪ್ರೋಗ್ರಾಂನಲ್ಲೇ ಬರೆದಿಟ್ಟ, ಎಂದೂ ಬದಲಾಗದ ರೆಜೆಕ್ಸ್‌ಗೆ ಮಾತ್ರ ಲೇಜಿಲಾಕ್.

ಇನ್ನೊಂದು ವಿಷಯ. ಡೆಬಿಯನ್ 12 ಎಂಬ ಲಿನಕ್ಸ್ ಜೊತೆ ಬರುವುದು ರಸ್ಟ್ 1.63. ಅದರಲ್ಲಿ ಒನ್ಸ್‌ಲಾಕೂ ಇಲ್ಲ, ಲೇಜಿಲಾಕೂ ಇಲ್ಲ. ಅಂಥ ಯಂತ್ರದಲ್ಲೇ ಕಂಪೈಲ್ ಮಾಡಬೇಕಿದ್ದರೆ ರಸ್ಟ್ ಹಾಕಿಕೊಡುವ ರಸ್ಟಪ್‌ನಿಂದ ಹೊಸದನ್ನು ಹಾಕಿಕೊಳ್ಳಿ, ಇಲ್ಲವೇ ಒನ್ಸ್ ಸೆಲ್ ಕ್ರೇಟಿನ ಹಳೆಯ ಆವೃತ್ತಿ ಇಟ್ಟುಕೊಳ್ಳಿ. ನಾನು ಕಾರ್ಗೋ ಫೈಲಿನಲ್ಲಿ ಕನಿಷ್ಠ ಆವೃತ್ತಿ 1.80 ಅಂತ ಬರೆದು, ಮಾಷ್ಟ್ರಿಗೆ ಸಿದ್ಧ ಬೈನರಿಯನ್ನೇ ಪೆನ್‌ಡ್ರೈವ್‌ನಲ್ಲಿ ಕೊಟ್ಟೆ.