ಸ್ಪೀಕರ್‌ನ ಗುಂಯ್ ಸದ್ದು ಹೋಗಿದ್ದು ಹೀಗೆ

ಬೇಸ್ ಗಿಟಾರ್‌ನ ಒಂದೆರಡು ಸ್ವರ ಬಂದಾಗ ಮಾತ್ರ ನಮ್ಮ ಹಾಲ್ ಗುಂಯ್ ಅನ್ನುತ್ತಿತ್ತು. ತೊಂದರೆ ಕೋಣೆಯದು, ಸ್ಪೀಕರ್‌ದಲ್ಲ.

ಸೋಫಾದಲ್ಲಿ ಕಿವಿಯ ಎತ್ತರಕ್ಕೆ ಅಳತೆಯ ಮೈಕ್ ಇಟ್ಟು, ರೂಮ್ ಈಕ್ಯೂ ವಿಝಾರ್ಡ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಸ್ವೀಪ್ (ತಗ್ಗು ಸ್ವರದಿಂದ ಏರುತ್ತಾ ಹೋಗುವ ಪರೀಕ್ಷೆಯ ಸದ್ದು) ಓಡಿಸಿದೆ. ಗ್ರಾಫ್‌ನಲ್ಲಿ 48 ಹರ್ಟ್ಜ್ ಹತ್ತಿರ ದೊಡ್ಡ ಗುಡ್ಡ, ಅಂದರೆ ಆ ಸ್ವರ ಮಾತ್ರ ವಿಪರೀತ ಜೋರು! ಹಾಲ್ ಉದ್ದ 3.6 ಮೀಟರ್. ಅಲೆ ಎದುರು ಗೋಡೆಗೆ ಹೋಗಿ ಬರುವ ದೂರ 7.2 ಮೀಟರ್. ಶಬ್ದದ ವೇಗವಾದ ಸೆಕೆಂಡಿಗೆ 343 ಮೀಟರನ್ನು ಅದರಿಂದ ಭಾಗಿಸಿದರೆ ಬರೋದೂ ಅಷ್ಟೇ ಅಲ್ವಾ?

ಸ್ಪೀಕರ್‌ಗಳನ್ನು ಮೂಲೆಯಿಂದ ಈಚೆಗೆ ಎಳೆದೆ. ಅಷ್ಟಕ್ಕೇ ಗುಡ್ಡ ಸಾಕಷ್ಟು ಇಳಿಯಿತು. ಉಳಿದದ್ದನ್ನು ಈಕ್ವಲೈಸರ್ ಎಪಿಒ ಎಂಬ, ಕಂಪ್ಯೂಟರ್‌ನ ಸದ್ದು ಹೊಂದಿಸುವ ಸಾಫ್ಟ್‌ವೇರ್‌ನಲ್ಲಿ 6 ಡೆಸಿಬೆಲ್ ತಗ್ಗಿಸಿದೆ. ಗ್ರಾಫ್‌ನಲ್ಲಿ ಆಳವಾದ ಹಳ್ಳ ಕಂಡರೆ ತುಂಬಲು ಹೋಗಬೇಡಿ. ಗೋಡೆಗೆ ಬಡಿದು ಬಂದ ಅಲೆ ಅಲ್ಲಿ ಸದ್ದನ್ನು ನುಂಗುತ್ತಿರುತ್ತದೆ, ಆಂಪ್ಲಿಫೈಯರ್‌ಗೆ ಸುಮ್ನೆ ಹೊರೆ.

ಬರೀ ಟೈಲ್ಸ್ ನೆಲದ ಪ್ರತಿಧ್ವನಿಗೆ ಮಾತ್ರ ಸಾಫ್ಟ್‌ವೇರ್‌ನಲ್ಲಿ ಮದ್ದಿಲ್ಲ. ದಪ್ಪ ಜಮಖಾನ ಹಾಸಿದ ಮೇಲೆಯೇ ಹಾಡಿನ ಮಾತು ಬಿಡಿಬಿಡಿಯಾಗಿ ಕೇಳಿಸಿದ್ದು.